ಠಾಣೆಯಲ್ಲಿ ಇಂಟರ್ನ್‌ಶಿಪ್: ರೈಟರ್ ಒಪ್ಪಿದರೆ ಅರ್ಧ ಕೆಲಸ ಮುಗಿದಂತೆ

ಕಾನೂನು ವಿದ್ಯಾರ್ಥಿಗಳನ್ನು ಪೊಲೀಸ್ ಠಾಣೆಗೆ ಇಂಟರ್ನ್‌ಶಿಪ್‌ಗೆ ಕಳಿಸುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಟೀ ತರೋಕೆ ಕಳಿಸ್ತಾರೆ ಅಷ್ಟೇ ಮೇಡಂ’ ಅಂದರು. ಈ ವರ್ಷ ಒಬ್ಬ ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿ, ಮುಂದಿನ ಬ್ಯಾಚ್ ಯಾವಾಗ ಬರುತ್ತದೆ ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಬಾರ್ ಕೌನ್ಸಿಲ್ ನಿಯಮ ನಿಮಗೆ ಗೊತ್ತೇ ಇದೆ. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ ಇಂಟರ್ನ್‌ಶಿಪ್, ಐದು ವರ್ಷದ್ದಕ್ಕೆ 20 ವಾರ. ಅದರಲ್ಲಿ ಜಾಸ್ತಿ ಪಾಲು ಝೆರಾಕ್ಸ್ ಮಾಡಿಸುವುದರಲ್ಲೇ ಹೋಗುತ್ತದೆ, ಅಲ್ವಾ? ಕೇಸು ಹುಟ್ಟುವ ಜಾಗವನ್ನೇ ನೋಡದೆ ಮಕ್ಕಳು ವಕೀಲರಾಗುತ್ತಾರೆ. ನನ್ನನ್ನು ಕಾಡಿದ್ದು ಇದೇ.

ಮೊದಲ ಬ್ಯಾಚ್‌ಗೆ ಎಸ್‌ಪಿ ಕಚೇರಿಯಿಂದ ಪತ್ರ ಸುಲಭವಾಗಿಯೇ ಸಿಕ್ಕಿತು. ಪತ್ರ ಸಿಕ್ಕರೂ ಏನೂ ಆಗಲಿಲ್ಲ. ಹತ್ತು ಹನ್ನೆರಡು ಮಂದಿ ಒಂದೇ ಠಾಣೆಗೆ ಹೋದರು. ಕೂರಲು ಜಾಗವಿಲ್ಲ, ಮಾತಾಡಿಸುವವರಿಲ್ಲ. ವಿಶ್ವವಿದ್ಯಾಲಯದ ವೇಳಾಪಟ್ಟಿಯಿಂದಾಗಿ ಆ ವಾರಗಳು ಗಣೇಶ ಹಬ್ಬದ ಮೇಲೆ ಬಿದ್ದಿದ್ದವು. ಸಿಬ್ಬಂದಿಯೆಲ್ಲ ಬಂದೋಬಸ್ತ್‌ಗೆ ಹೋಗಿ ಠಾಣೆ ಖಾಲಿ. ಆಡಳಿತ ಮಂಡಳಿ ಹಟ ಹಿಡಿದು ಕಾಲೇಜಿನ ಹೆಸರಿನ ಟೀ ಶರ್ಟ್ ಹೊಲಿಸಿತ್ತು. ಒಂಬತ್ತು ಸಾವಿರದ ಹತ್ತಿರ ಖರ್ಚಾಯಿತು. ಯಾವುದೋ ಸಂಘಟನೆಯವರು ಅಂತ ಜನ ತಿಳಿದುಕೊಳ್ಳುತ್ತಾರೆ, ತೆಗೆಸಿ ಅಂದರು ಠಾಣೆಯವರು. ಅಷ್ಟೂ ದುಡ್ಡು ದಂಡ.

ಎರಡನೇ ಸಲ ಟ್ರಾಫಿಕ್‌ಗೆ ಹಾಕಿದರು. ಸರ್ಕಲ್‌ನಲ್ಲಿ ಸೀಟಿ ಊದುತ್ತಾ ನಿಂತು ಮಕ್ಕಳು ಕಲಿತದ್ದು ಏನೂ ಇಲ್ಲ. ಪೋಷಕರಿಂದ ಫೋನ್ ಮೇಲೆ ಫೋನ್ ಬಂತು.

ಆಮೇಲೆ ದಾರಿ ಬದಲಿಸಿದೆ. ಠಾಣೆ ನಡೆಸುವುದು ಇನ್‌ಸ್ಪೆಕ್ಟರೇ ಆದರೂ, ದಿನದ ಕಾಗದವೆಲ್ಲ ಓಡಾಡುವುದು ರೈಟರ್, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸರ ಮೇಜಿನ ಮೇಲೆ. ಅರ್ಜಿ, ಹಿಂಬರಹ, ಟಪಾಲು, ಠಾಣಾ ದಿನಚರಿ ಎಲ್ಲಾ ಅವರದೇ. ಎಸ್‌ಪಿ ಪತ್ರ ಕೈಯಲ್ಲಿ ಹಿಡಿದು ನೇರವಾಗಿ ಅವರ ಬಳಿ ಹೋದೆ. ‘ನಮ್ಮ ಮಕ್ಕಳಿಗೆ ಏನು ಕಲಿಸ್ತೀರಿ’ ಅಂತ ಕೇಳಲಿಲ್ಲ. ‘ನಿಮಗೆ ಯಾವ ಬರವಣಿಗೆ ಬಾಕಿ ಇದೆ’ ಅಂತ ಕೇಳಿದೆ. ಅಲ್ಲಿಂದ ಬಾಗಿಲು ತೆರೆಯಿತು. ಮೊದಲ ಭೇಟಿಯಲ್ಲಿ ಅವರಿಗೆ ನಾನು ಮಾಡಿಕೊಟ್ಟ ಒಂದು ಸಣ್ಣ ಕೆಲಸವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗಿನ ಪದ್ಧತಿ ಇಷ್ಟು. ಒಂದು ಠಾಣೆಗೆ ಇಬ್ಬರೇ. ಬೆಳಗಿನ ಹೊತ್ತು ನಾಲ್ಕು ತಾಸು ಕೆಲಸ, ಕತ್ತಲಾದ ಮೇಲೆ ಯಾರೂ ಇರುವಂತಿಲ್ಲ. ಮೊಬೈಲ್ ರೈಟರ್ ಡ್ರಾಯರಿನಲ್ಲಿ. ಬರೆದ ನೋಟ್‌ಬುಕ್ ಠಾಣೆಯಲ್ಲೇ ಇರಬೇಕು, ಮನೆಗೆ ತರುವಂತಿಲ್ಲ. ಪೋಕ್ಸೋ ಮತ್ತು ಲೈಂಗಿಕ ದೌರ್ಜನ್ಯದ ಕೇಸು ಬಂದರೆ ಎದ್ದು ಹೊರಗೆ ಹೋಗಬೇಕು. ಸಂತ್ರಸ್ತೆಯ ಗುರುತು ಹೊರಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಕಲಮಿನಡಿ ಅದೇ ಒಂದು ಅಪರಾಧ. ಇದನ್ನು ಮೊದಲ ದಿನವೇ ಸಹಿ ಹಾಕಿಸಿಕೊಳ್ಳುತ್ತೇನೆ.

ಮಕ್ಕಳು ಕೂರುವುದು ಮುಂದಿನ ಕೌಂಟರಿನಲ್ಲಿ. ಬಂದವರ ಮಾತು ಕೇಳಿ ಅರ್ಜಿ ಬರೆದುಕೊಡುವುದೇ ಮುಖ್ಯ ಕೆಲಸ. ತಾರೀಖು, ಸ್ಥಳ, ಯಾರು, ಏನು ಅಂತ ನಾಲ್ಕು ಸಾಲಿನಲ್ಲಿ ಬರೆಯಲು ಮೊದಲ ವಾರ ಯಾರಿಗೂ ಬರುವುದಿಲ್ಲ. ಮೂರನೇ ವಾರಕ್ಕೆ ಚೆನ್ನಾಗಿಯೇ ಬರೆಯುತ್ತಾರೆ. ಇ-ಮೇಲ್‌ನಲ್ಲಿ ದೂರು ಕೊಟ್ಟವರು ಮೂರು ದಿನದೊಳಗೆ ಬಂದು ಸಹಿ ಹಾಕಬೇಕು ಅನ್ನುವುದು, 14 ದಿನದ ಪ್ರಾಥಮಿಕ ವಿಚಾರಣೆ, ಇವೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಲ್ಲಿ ಇವೆ. ನಾನು ಕ್ಲಾಸಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಕೌಂಟರಿನಲ್ಲಿ ಕೂತ ಮೇಲೆ ಹೋಯಿತು.

ಮಧ್ಯೆ ಒಂದೆರಡು ಪ್ರಯೋಗ ಮಾಡಿದೆವು. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವಾಗ ಗಾಬರಿಯಲ್ಲಿ ಏನೂ ಹೇಳಲಾರರು. ಅದಕ್ಕೆ ಒಂದು ಪುಟದ ಚೀಟಿ ಮಾಡಿಸಿದೆ. ಬ್ಯಾಂಕ್, ಖಾತೆ, ಸಮಯ, ಮೊತ್ತ, 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ. ಒಟಿಪಿ, ಪಿನ್ ಕೇಳುವಂತಿಲ್ಲ. ಚೀಟಿ ತುಂಬಿಸಿಯೇ ಕರೆ ಮಾಡಿಸುತ್ತಾರೆ. ಬೇಗ ಕರೆ ಹೋದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಈ ಚೀಟಿ ಈಗ ಪಕ್ಕದ ಠಾಣೆಗಳಲ್ಲೂ ಇದೆ. ನನಗೆ ತುಂಬಾ ಹೆಮ್ಮೆ.

ಕಳೆದ ಮೊಬೈಲ್‌ಗೆ ಸಿಇಐಆರ್ (ಕಳೆದ ಫೋನನ್ನು ಬಂದ್ ಮಾಡಿಸುವ ಸರ್ಕಾರಿ ಪೋರ್ಟಲ್) ಅರ್ಜಿ ಹಾಕಿಕೊಡುವುದು ಇನ್ನೊಂದು. ಫೋನಿನ 15 ಅಂಕಿಯ ಗುರುತು ಸಂಖ್ಯೆ (ಐಎಂಇಐ), ದೂರಿನ ಪ್ರತಿ, ಗುರುತಿನ ಚೀಟಿ, ಒಟಿಪಿ ಬರಲು ಹೊಸ ಸಿಮ್, ಇಷ್ಟು ತಂದರೆ ಸಾಕು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸುವ ನಿಯಮಕ್ಕೂ ಒಂದು ದಿನಾಂಕಪಟ್ಟಿ ಮಾಡಿಸಿದೆ. ಅದರಲ್ಲಿ ಕ್ರೈಂ ನಂಬರ್, ತಾರೀಖು ಬಿಟ್ಟರೆ ಏನೂ ಇಲ್ಲ. ಒಂದು ಠಾಣೆಯಲ್ಲಿ ನಡೆಯಿತು, ಇನ್ನೊಂದರಲ್ಲಿ ಬೇಡ ಅಂದರು.

ಎಲ್ಲಕ್ಕಿಂತ ಒಳ್ಳೆಯದಾಗಿದ್ದು ಕೋರ್ಟ್ ಕಾನ್‌ಸ್ಟೇಬಲ್ ಜೊತೆ ಕಳಿಸಿದ್ದು. ಸಮನ್ಸ್, ವಾರಂಟ್, ರಿಮ್ಯಾಂಡ್ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಅವರಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ. ವಾರಕ್ಕೆ ಒಂದು ದಿನ ಇದಕ್ಕೆ ಮೀಸಲಿಡಿ.

ಇನ್ನು ದುಡ್ಡು. ವಿಮೆಗೆ ಒಂದು ಕಡೆ ತಲೆಗೆ ಆರುನೂರರ ಹತ್ತಿರ ಕೇಳಿದರು. ಎಲ್ಲರಿಗೂ ಅವರವರ ಬ್ಯಾಂಕ್ ಖಾತೆಯಿಂದಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯವಾದರೆ 2 ಲಕ್ಷದವರೆಗೆ ಸಿಗುತ್ತದೆ. ಕಾಲೇಜು ಒಪ್ಪಿತು. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ ಪುಕ್ಕಟೆ. ಹುಡುಗರ ಬಸ್ ಚಾರ್ಜು, ಐಡಿ ಕಾರ್ಡ್, ನೋಟ್‌ಬುಕ್ ಸೇರಿ ತಲೆಗೆ ಮುನ್ನೂರು ನಾನೂರರೊಳಗೆ ಮುಗಿಯುತ್ತದೆ. ಟೀ ಶರ್ಟ್ ಇಲ್ಲ.

ಆಯ್ಕೆಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಬರೆದರೆ ಮುಂದಿನ ಬ್ಯಾಚ್ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತದೆ. ಇಷ್ಟು ಹೇಳಬಲ್ಲೆ, ಅಂಕ ನೋಡುವುದಿಲ್ಲ.

ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಸೆನ್ ಠಾಣೆಗೂ ಕೇಳಿದೆ, ಸದ್ಯಕ್ಕೆ ಬೇಡ ಅಂದರು. ಮಹಿಳಾ ಠಾಣೆಯವರು ಆಲೋಚಿಸುತ್ತಿದ್ದಾರೆ. ನೀವು ಶುರು ಮಾಡುವುದಾದರೆ ಹಬ್ಬ, ಚುನಾವಣೆ ಇಲ್ಲದ ತಿಂಗಳು ಹಿಡಿಯಿರಿ. ಪತ್ರವನ್ನು ಎರಡು ತಿಂಗಳು ಮುಂಚೆ ಕೊಡಿ. ಪ್ರತಿಯನ್ನು ರೈಟರ್ ಕೈಗೇ ತಲುಪಿಸಿ.