540 ರೂಪಾಯಿಯ ವ್ಯತ್ಯಾಸ

ಕಂಪ್ಯೂಟರ್ ಬರುವುದಕ್ಕೆ ಮೊದಲಿನ ದಿನಗಳಲ್ಲಿ ನಾನು ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ಉಳಿತಾಯ ಖಾತೆಗಳ ಶಿಲ್ಕನ್ನೆಲ್ಲ ಒಂದೊಂದಾಗಿ ಬರೆದು ಕೂಡಿಸಿ, ಆ ಮೊತ್ತವನ್ನು ಜನರಲ್ ಲೆಡ್ಜರಿನೊಂದಿಗೆ, ಅಂದರೆ ಬ್ಯಾಂಕಿನ ಒಟ್ಟು ಲೆಕ್ಕದ ಪುಸ್ತಕದೊಂದಿಗೆ, ತಾಳೆ ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. ಒಮ್ಮೆ ಅರ್ಧವಾರ್ಷಿಕ ಲೆಕ್ಕದಲ್ಲಿ 540 ರೂಪಾಯಿ ಕಡಿಮೆ ಬಂತು. ಕೂಡಿಸುವುದರಲ್ಲೇ ಎಲ್ಲೋ ತಪ್ಪಿದ್ದೇನೆಂದು ನಂಬಿ ಮೂರು ಸಂಜೆ ಅವೇ ಸಾಲುಗಳನ್ನು ಕೂಡಿಸಿದೆ, ವೋಚರುಗಳನ್ನೂ ಒಮ್ಮೆ ತಿರುವಿ ಹಾಕಿದೆ, ವ್ಯತ್ಯಾಸ ಅಲ್ಲಾಡಲಿಲ್ಲ.

ನಾಲ್ಕನೆಯ ದಿನ ನಮ್ಮ ಹೆಡ್ ಕ್ಲರ್ಕ್, "ಪುಸ್ತಕ ಮುಚ್ಚಿಡಿ, ಮೊದಲು ವ್ಯತ್ಯಾಸವನ್ನೇ ನೋಡಿ" ಎಂದರು. ಜಮಾ ಆಗಬೇಕಾದದ್ದು ಖರ್ಚಿಗೆ ಬಿದ್ದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಆದ್ದರಿಂದ 270ರ ವೋಚರ್ ಹುಡುಕಬೇಕು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 540ನ್ನು ಒಂಬತ್ತರಿಂದ ಭಾಗಿಸಿದರೆ 60, ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳ ನಡುವೆ ಆರರ ಅಂತರ. 270ರ ವೋಚರ್ ಯಾವುದೂ ಇರಲಿಲ್ಲ. ಎರಡನೆಯ ಜಾಡು ಹಿಡಿದು ಹೊರಟಾಗ ಅರ್ಧ ಗಂಟೆಯೊಳಗೆ ಸಿಕ್ಕಿತು: ಪಿಂಚಣಿದಾರರೊಬ್ಬರ 1,820 ರೂಪಾಯಿ ಉಳಿತಾಯ ಖಾತೆಯ ಲೆಡ್ಜರಿನಲ್ಲಿ 1,280 ಆಗಿ ಕೂತಿತ್ತು. ಅಕ್ಷರ ನನ್ನದೇ. ಅವರಿಗೆ ತಿಂಗಳು ತಿಂಗಳೂ 1,820 ಬರುವುದು ನನಗೆ ಬಾಯಿಪಾಠವಾಗಿದ್ದರಿಂದ, ಹಿಂದಿನ ದಿನ ಅದೇ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿ ಮುಂದೆ ಹೋಗಿದ್ದೆ. ಕಣ್ಣು ಕಾಗದದ ಮೇಲಿತ್ತು, ಓದಿದ್ದು ಮಾತ್ರ ನೆನಪು. ಆ ಪೆನ್ಸಿಲ್ ಗುರುತು ನನ್ನನ್ನು ಇಂದಿಗೂ ಕಾಡುತ್ತದೆ.

ಬಹಳ ವರ್ಷಗಳ ನಂತರ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು ಲಂಡನ್ನಿನಲ್ಲಿ ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದೆ. 2, 4, 6 ಎಂಬ ಸಂಖ್ಯೆಗಳು ಒಂದು ನಿಯಮಕ್ಕೆ ಒಳಪಟ್ಟಿವೆ. ನೀವೂ ಮೂರು ಮೂರು ಸಂಖ್ಯೆಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದು ಅವರು ಕೇಳಿದ್ದರು. ಎರಡೆರಡು ಹೆಚ್ಚುತ್ತಿದೆಯೆಂದು ಊಹಿಸಿದವರು 8, 10, 12ರಂಥವನ್ನೇ ಹೇಳಿ, ಪ್ರತಿ ಸಲವೂ "ಹೌದು" ಎಂಬ ಉತ್ತರ ಪಡೆದು, ತಮ್ಮ ಊಹೆಯೇ ಸರಿಯೆಂದು ತೀರ್ಮಾನಿಸುತ್ತಿದ್ದರು. ನಿಜವಾದ ನಿಯಮ, ಸಂಖ್ಯೆಗಳು ಏರುತ್ತಾ ಹೋಗಬೇಕು ಎಂಬುದಷ್ಟೇ. 5, 9, 40 ಎಂದು ಕೇಳಿದ್ದರೆ ಅದಕ್ಕೂ "ಹೌದು" ಎಂಬ ಉತ್ತರ ಬಂದು ಊಹೆ ಅಲ್ಲಿಯೇ ಮುರಿಯುತ್ತಿತ್ತು. ನಾನು ಮೂರು ಸಂಜೆ ಮಾಡಿದ್ದೂ ಇದನ್ನೇ.

ಅಂದಿನಿಂದ ರೂಢಿಸಿಕೊಂಡ ಕ್ರಮ ಸರಳವಾದದ್ದು, ಆದರೆ ಬೇಸರ ತರಿಸುವಂಥದ್ದು. ಏನನ್ನಾದರೂ ಹುಡುಕುವ ಮೊದಲು ನನ್ನ ಊಹೆಯನ್ನು ಬರೆಯುತ್ತೇನೆ. ಅದರ ಎದುರಿಗೆ, ಈ ಊಹೆ ಸುಳ್ಳಾಗಿದ್ದರೆ ಏನು ಕಾಣಬೇಕು ಎಂಬುದನ್ನು ಬರೆದು, ಅದನ್ನೇ ಮೊದಲು ನೋಡುತ್ತೇನೆ. ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡರೆ, ಕಂಡದ್ದಕ್ಕೆ ತಕ್ಕಂತೆ ಊಹೆ ಸದ್ದಿಲ್ಲದೆ ಬದಲಾಗಿಬಿಡುತ್ತದೆ.

ನಿವೃತ್ತಿಯ ನಂತರ ಒಂದು ಬೇಸಿಗೆಯಲ್ಲಿ ತೋಟದ ಪಂಪು ನೀರೆತ್ತುವುದನ್ನು ನಿಲ್ಲಿಸಿತು. ಬಾವಿಯಲ್ಲಿ ನೀರು ತಳ ಕಂಡಿದೆಯೆಂದು ಮನೆಯವರೆಲ್ಲ ಹೇಳಿದರು. ನನಗೂ ಹಾಗೆಯೇ ಅನ್ನಿಸಿ, ಕೊಳವೆಬಾವಿ ಕೊರೆಸುವವರ ಬಳಿ ದರವನ್ನೂ ವಿಚಾರಿಸಿದ್ದೆ. ಅಭ್ಯಾಸಬಲದಿಂದ ಚೀಟಿಯಲ್ಲಿ "ಊಹೆ ತಪ್ಪಾಗಿದ್ದರೆ ಹಗ್ಗ ಒದ್ದೆಯಾಗಬೇಕು" ಎಂದು ಬರೆದು, ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟೆ. ಮೇಲೆತ್ತಿದಾಗ ಎರಡು ಆಳಿನಷ್ಟು ಹಗ್ಗ ತೊಟ್ಟಿಕ್ಕುತ್ತಿತ್ತು. ಪೈಪನ್ನು ಎಳೆಸಿ ನೋಡಿದರೆ, ನೀರು ಹಿಂದಕ್ಕಿಳಿಯದಂತೆ ತಡೆಯುವ ತುದಿಯ ಫುಟ್‌ವಾಲ್ವಿನ ಮುಚ್ಚಳದಡಿ ಕಡಲೆಕಾಳಿನಷ್ಟು ದೊಡ್ಡ ಹರಳು ಸಿಕ್ಕಿಕೊಂಡಿತ್ತು. ಪೈಪಿನಲ್ಲಿ ತುಂಬಿದ ನೀರೆಲ್ಲ ಅದರ ಸಂದಿನಿಂದ ಬಾವಿಗೇ ಇಳಿದುಹೋಗುತ್ತಿತ್ತು.