ಬೆಲ್ಲದ ಡಬ್ಬಿ ಎಲ್ಲಿರಬೇಕು?

ಉಡುಪಿ–ಮಂಗಳೂರು ಕಡೆಯ ಹಳೆಯ ಮನೆಗಳಲ್ಲಿ, ಬಿಸಿಲಲ್ಲಿ ನಡೆದು ಬಂದವರು ಯಾರೇ ಆಗಿರಲಿ, ಬಂದ ಕಾರಣ ಕೇಳುವ ಮೊದಲೇ ಒಂದು ತುಂಡು ಬೆಲ್ಲವನ್ನೂ ಚೆಂಬು ತುಂಬ ಬಾವಿನೀರನ್ನೂ ಜಗಲಿಗೆ ತಂದಿಡುವ ಕ್ರಮವಿತ್ತು. ದಯೆ ತೋರಬೇಕೆಂದು ಅಲ್ಲಿ ಯಾರೂ ಸಂಕಲ್ಪ ಮಾಡುತ್ತಿರಲಿಲ್ಲ. ಬೆಲ್ಲದ ಡಬ್ಬಿ ಕೈಗೆಟಕುವಲ್ಲಿ ಇರುತ್ತಿತ್ತು, ಅಷ್ಟೇ. ನೆಮ್ಮದಿಯ ಬದುಕನ್ನು ರೂಢಿಸಿಕೊಳ್ಳಲು ಹೊರಟವರು ಇಲ್ಲಿಂದಲೇ ಆರಂಭಿಸಬಹುದು. ದಯೆ, ಕೃತಜ್ಞತೆ, ಸರಳತೆಗಳನ್ನು ಉತ್ಸಾಹದ ಪಾಲಿಗೆ ಬಿಟ್ಟರೆ ಒಂದು ವಾರವೂ ಬಾಳುವುದಿಲ್ಲ. ಅವುಗಳನ್ನು ಒಂದು ಹೊತ್ತಿಗೆ, ಒಂದು ವಸ್ತುವಿಗೆ ಕಟ್ಟಿಹಾಕಬೇಕು.

ಈಗ ನಮ್ಮ ಬಾಗಿಲಿಗೆ ಬರುವವರು ಪಾರ್ಸೆಲ್ ತರುವ ಹುಡುಗರು, ಮೀಟರ್ ನೋಡುವವರು, ಗ್ಯಾಸ್ ಸಿಲಿಂಡರ್ ಹೊತ್ತು ತರುವವರು. ಬಾಗಿಲ ಪಕ್ಕದ ಕಪಾಟಿನಲ್ಲಿ ಬೆಲ್ಲದ ಡಬ್ಬಿ, ಎರಡು ಲೋಟ, ನೀರಿನ ಹೂಜಿ ಇಡಿ. ನಾನು ಮೊದಲ ಬಾರಿ ಬೆಲ್ಲ ಚಾಚಿದಾಗ ಸಿಲಿಂಡರ್ ತಂದವರು ಅನುಮಾನದಿಂದ ನೋಡಿ, "ಎಂಚಿನ ವಿಶೇಷ?" (ಏನು ವಿಶೇಷ?) ಎಂದು ತುಳುವಿನಲ್ಲಿ ಕೇಳಿದ್ದರು. ಈಗ ಅವರೇ ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದು, ಮಳೆಯ ಸುದ್ದಿ ಹೇಳಿ ಹೋಗುತ್ತಾರೆ.

ಹಣದ ವಿಷಯದಲ್ಲಿಯೂ ಮೊತ್ತ ಮುಖ್ಯವಲ್ಲ. ಕೆನಡಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬೆಳಗ್ಗೆ 5 ಅಥವಾ 20 ಡಾಲರ್ ಪಡೆದವರ ಪೈಕಿ ಅದನ್ನು ಬೇರೆಯವರಿಗಾಗಿ ಖರ್ಚು ಮಾಡಿದವರು ಸಂಜೆಗೆ ಹೆಚ್ಚು ಸಂತೋಷದಿಂದಿದ್ದರು. ಮೊತ್ತ ಯಾವುದಾದರೂ ವ್ಯತ್ಯಾಸ ಕಾಣಲಿಲ್ಲ. ಆದರೆ ಕಂಡಕಂಡ ಕಷ್ಟಕ್ಕೆಲ್ಲ ಚಿಲ್ಲರೆ ಹಂಚುವುದಕ್ಕಿಂತ ನೀವೇ ಉಂಡ ಒಂದು ಕೊರತೆಯನ್ನು ಹಿಡಿದುಕೊಳ್ಳುವುದು ಲೇಸೆಂದು ನನ್ನ ಅನಿಸಿಕೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು, ಹಣ್ಣಿನ ಬೆಲೆ ಕೇಳಿದ ವಿದೇಶಿಯರಿಗೆ ಉತ್ತರಿಸಲಾಗದೆ ನೊಂದು, ತಮ್ಮೂರಿನ ಮಕ್ಕಳಿಗೆ ಆ ಗತಿ ಬಾರದಿರಲೆಂದು ದುಡಿಮೆಯಲ್ಲಿ ಉಳಿಸಿ, ಕಚೇರಿಗಳಿಗೆ ಅಲೆದು ನ್ಯೂಪಡ್ಪುವಿಗೆ ಶಾಲೆ ತಂದರು. ಪದ್ಮಶ್ರೀ ಘೋಷಣೆಯಾದದ್ದು ಬಹಳ ತಡವಾಗಿ, 2020ರಲ್ಲಿ.

ಕೃತಜ್ಞತೆಗೆ ನಮ್ಮಲ್ಲಿ ತೆನೆ ಹಬ್ಬದ ಮಾದರಿಯಿದೆ. ಗದ್ದೆಯಿಂದ ತಂದ ಕದಿರನ್ನು ಮನೆಗೆ ಕಟ್ಟಿ ಹೊಸ ಅಕ್ಕಿ ಉಣ್ಣುವವರೂ, ಮಾತೆ ಮೇರಿಯ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತರುವ ಕ್ರೈಸ್ತರೂ ನೆನೆಯುವುದು ಕಣ್ಣೆದುರಿನ ಕಾಳನ್ನು. ನೀವು ಕೃತಜ್ಞತೆಯ ಪಟ್ಟಿ ಬರೆಯುವಾಗಲೂ "ಆರೋಗ್ಯ, ಕುಟುಂಬ" ಎಂದು ಬರೆಯದೆ, ಯಾರು, ಯಾವಾಗ, ಏನು ಮಾಡಿದರೆಂದು ಬರೆಯಿರಿ: ಸಿಟಿ ಬಸ್ಸಿನ ಕಂಡಕ್ಟರ್ ಮುದುಕಿಯೊಬ್ಬರು ಹತ್ತುವವರೆಗೆ ಸೀಟಿ ಊದದೆ ಕಾದದ್ದು, ಪಕ್ಕದ ಮನೆಯವರು ಪತ್ರೊಡೆ ಕಳಿಸಿದ್ದು. ದಿನವೂ ಬರೆಯುವ ಹಠ ಬೇಡ. ನಾನು ಹಾಗೆ ಮಾಡಿ ಮೂರನೆಯ ವಾರದಲ್ಲಿ ನಿನ್ನೆಯದನ್ನೇ ನಕಲು ಮಾಡತೊಡಗಿದ್ದೆ. ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಾ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಹತ್ತು ವಾರ, ವಾರಕ್ಕೊಮ್ಮೆ, ಹೆಚ್ಚೆಂದರೆ ಐದು ಸಂಗತಿಗಳನ್ನು ಬರೆದಿದ್ದರು. ಅಷ್ಟರಿಂದಲೇ ತಮ್ಮ ಬದುಕು ಚೆನ್ನಾಗಿದೆ ಎಂಬ ಭಾವನೆ ಅವರಲ್ಲಿ ಹೆಚ್ಚಿತ್ತು. ಭಾನುವಾರ ರಾತ್ರಿಯ ಹತ್ತು ನಿಮಿಷ ಸಾಕು.

ಸರಳತೆಗೆ ವಾರಕ್ಕೊಂದು ರಾತ್ರಿ ಗಂಜಿಯೂಟ ಇಟ್ಟುಕೊಳ್ಳಿ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಹಿರಿಯರು ಗಂಜಿ ಕುಡಿದು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಬೇಯಿಸಿ ದಿನ ದೂಡಿದ್ದು ಬಡತನದಿಂದ. ಅದನ್ನು ಇಂದು ವೈಭವೀಕರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾವು ಆರಿಸಿಕೊಂಡ ಸರಳತೆ ಬೇರೆ: ಆ ರಾತ್ರಿ ಆರ್ಡರ್ ಇಲ್ಲ, ಫೋನ್ ಬೇರೆ ಕೋಣೆಯಲ್ಲಿ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಮನೆಯವರು ಒಲೆಯ ಸುತ್ತಲೇ ಇರಲಿ. ಕಾಯಿಚಟ್ನಿಗೆ ಹುಣಸೆ ಸ್ವಲ್ಪ ಮುಂದಿರಲಿ, ಮಿಡಿ ಉಪ್ಪಿನಕಾಯಿ ಒಂದೊಂದೇ ಸಾಕು. ಗಂಜಿಯ ತಿಳಿಯನ್ನು ಬಿಸಿಯಿರುವಾಗಲೇ ಕುಡಿಯಬೇಕು, ಆರಿದರೆ ಕೆನೆಗಟ್ಟುತ್ತದೆ.