ಮೂರನೆಯವಳ ಮೇಲೆ ದುಡ್ಡು ಹಾಕಿದೆ: ಟೀಮ್ ಸ್ಕ್ವಾಷ್‌ನಲ್ಲಿ ನನ್ನ ಅನುಭವ

ಹೆಂಗಸರ ಟೀಮ್ ಕಟ್ಟುವಾಗ ನಂಬರ್ ಒನ್ ಆಟಗಾರ್ತಿಗೇ ಎಲ್ಲಾ ಕೋರ್ಟ್ ಟೈಮು, ಎಲ್ಲಾ ದುಡ್ಡು ಕೊಡುವುದು ನಮ್ಮ ಬೆಂಗಳೂರಿನ ಕೋಚ್‌ಗಳ ಹಳೇ ರೂಢಿ. ನಾನು ಅರ್ಧಕ್ಕಿಂತ ಜಾಸ್ತಿ ನಂಬರ್ ತ್ರೀಗೆ ಕೊಟ್ಟೆ. ನಕ್ಕವರು ಬಹಳ. ಕಳೆದ ಸೀಸನ್‌ನಲ್ಲಿ ಚೆನ್ನೈಗೆ ಹೋಗಿ ಕ್ಲಬ್ ಟೂರ್ನಮೆಂಟ್ ಗೆದ್ದು ಬಂದ ಮೇಲೆ ಅದೇ ಜನ ಫೋನ್ ಮಾಡಿ "ಏನ್ ಮಾಡಿದ್ರಿ ಸರ್" ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ.

ಈ ಹುಚ್ಚು ಹತ್ತಿದ್ದು ವಿಶ್ವ ಮಹಿಳಾ ಟೀಮ್ ಚಾಂಪಿಯನ್‌ಶಿಪ್‌ನ ಹಳೇ ಫಲಿತಾಂಶ ನೋಡುತ್ತಾ ಕೂತಾಗ. ಒಂದು ಟೈ, ಅಂದರೆ ಎರಡು ಟೀಮ್‌ಗಳ ಮುಖಾಮುಖಿಗೆ ಮೂರು ಮ್ಯಾಚು. ಮೊದಲನೆಯವಳಿಗೆ ಆ ಕಡೆಯ ಮೊದಲನೆಯವಳು, ಮೂರನೆಯವಳಿಗೆ ಮೂರನೆಯವಳು, ಹೀಗೆ. ಎರಡು ಗೆದ್ದರೆ ಆಯ್ತು. ಮಲೇಷ್ಯಾದ ನಿಕೋಲ್ ಡೇವಿಡ್ 8 ಸಲ ವಿಶ್ವ ಚಾಂಪಿಯನ್. 2006ರಿಂದ 2015ರವರೆಗೆ ನಂಬರ್ ಒನ್ ಜಾಗ ಬಿಟ್ಟುಕೊಡಲಿಲ್ಲ. ಆದರೂ ಮಲೇಷ್ಯಾಕ್ಕೆ ಟೀಮ್ ಪಟ್ಟ ಒಮ್ಮೆಯೂ ಸಿಗಲಿಲ್ಲ. 2014ರಲ್ಲಿ ಕೆನಡಾದಲ್ಲಿ ಫೈನಲ್ ಮುಟ್ಟಿ ಇಂಗ್ಲೆಂಡ್‌ಗೆ ಸೋತರು. ನ್ಯೂಜಿಲೆಂಡ್‌ನ ಸೂಸನ್ ಡೆವೊಯ್ 4 ಸಲ ವಿಶ್ವ ಚಾಂಪಿಯನ್, ಆ ದೇಶದ್ದೂ ಇದೇ ಕತೆ. ಈಗ ಈಜಿಪ್ಟ್ ನೋಡಿ. 2022ರಲ್ಲಿ ಕೈರೋದಲ್ಲಿ ನೂರಾನ್ ಗೋಹರ್, ನೂರ್ ಎಲ್ ಶೆರ್ಬಿನಿ, ಹನಿಯಾ ಎಲ್ ಹಮ್ಮಾಮಿ ಮೂವರೂ ಒಂದೇ ಟೀಮಲ್ಲಿ! ಅಂಥಾ ಟೀಮಲ್ಲಿ ಮೂರನೆಯವಳಾಗಿ ಆಡುವವಳೂ ಬೇರೆ ಯಾವ ದೇಶಕ್ಕೆ ಹೋದರೂ ಮೊದಲನೆಯವಳೇ. 2016, 2018, 2022, 2024, ಸತತ ನಾಲ್ಕು ಪಟ್ಟ ಸುಮ್ನೆ ಬಂದಿದ್ದಲ್ಲ.

ನಮ್ಮವರದ್ದೂ ಒಂದಿದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಕೊಡಗು ಮೂಲದ ಜೋಷ್ನಾ ಚಿನ್ನಪ್ಪ ಆ ನಿಕೋಲ್ ಡೇವಿಡ್‌ರನ್ನೇ ಐದು ಗೇಮ್‌ನಲ್ಲಿ ಮಣಿಸಿದರು. ಎಂಥಾ ಮ್ಯಾಚು ಅದು! ಫೈನಲ್‌ನಲ್ಲಿ ಹಾಂಕಾಂಗ್ ಎದುರು 0-2, ಬೆಳ್ಳಿ. ಒಬ್ಬರ ದೊಡ್ಡ ಗೆಲುವು ಮುಂದಿನ ಟೈಗೆ ಒಂದು ಪಾಯಿಂಟನ್ನೂ ಕೊಡಲ್ಲ.

ಸರಿ, ನನ್ನ ಲೆಕ್ಕ. ಕೋರ್ಟ್ ಬಾಡಿಗೆ ಗಂಟೆಗೆ ಸುಮಾರು ₹500. ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಪುಣ್ಯ. ಡಬಲ್ ಡಾಟ್ ಚೆಂಡು (ಕಡಿಮೆ ಪುಟಿಯುವ ಮ್ಯಾಚ್ ಚೆಂಡು), ಗಟ್ಟಿಂಗ್ (ರಾಕೆಟ್‌ಗೆ ತಂತಿ ಹಾಕಿಸುವುದು), ಶೂ ಎಲ್ಲಾ ಸೇರಿ ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ. ಒಬ್ಬ ಸ್ಪಾನ್ಸರ್ ಒಪ್ಪಿ, ಬ್ಯಾನರ್ ಕೂಡ ಹೊಲಿಸಿಕೊಂಡು, ಆಮೇಲೆ ಫೋನ್ ಎತ್ತಲಿಲ್ಲ. ಬ್ಯಾನರ್ ಈಗ ನಮ್ಮ ಸ್ಕೂಟರ್ ಮೇಲಿದೆ.

ಬೇರೆ ಕ್ಲಬ್‌ಗಳಲ್ಲಿ ಮೂರನೆಯವಳು ಅಂದರೆ ಹೆಚ್ಚಾಗಿ ಜಾಗ ತುಂಬಲು ಬಂದವಳು. ಬ್ಯಾಕ್‌ಹ್ಯಾಂಡ್ ಹಿಂದಿನ ಮೂಲೆಯಲ್ಲಿ ಅವಳ ಬಂಡವಾಳ ಹೊರಗೆ ಬರುತ್ತೆ. ಹಾಗಾಗಿ ನಮ್ಮ ಹುಡುಗಿಗೆ ನಾನು ನಿಕ್ (ಗೋಡೆ-ನೆಲ ಸೇರುವ ಸಂದಿಗೆ ಹೊಡೆಯುವುದು), ಫ್ಲಿಕ್ (ಮಣಿಕಟ್ಟಿನಿಂದ ಏಮಾರಿಸುವುದು) ಯಾವುದನ್ನೂ ಕಲಿಸಲಿಲ್ಲ. ಎಡಗೋಡೆ ಸವರಿಕೊಂಡು ಹಿಂದಿನ ಮೂಲೆಗೆ ಹೋಗುವ ಲೆಂಗ್ತು, ಮುಂದಿನಿಂದ ಎತ್ತರಕ್ಕೆ ಎತ್ತುವ ಲಾಬ್, ಚೆಂಡಿಲ್ಲದೆ ಕೋರ್ಟ್ ತುಂಬಾ ಓಡುವ ಘೋಸ್ಟಿಂಗ್. ಅಷ್ಟೇ. ಅದರಲ್ಲೂ ಚೆನ್ನೈ ಸೆಕೆಗೆ ಚೆಂಡು ಬಿಸಿಯಾಗಿ ಪುಟಿಯುತ್ತೆ, ಮುಂದಿನ ಗೋಡೆ ಹತ್ತಿರ ಮೆಲ್ಲಗೆ ಡ್ರಾಪ್ ಹಾಕಿದರೆ ಸಾಯಲ್ಲ, ಎದುರಾಳಿ ಆರಾಮಾಗಿ ಎತ್ತುತ್ತಾಳೆ. ಅಲ್ಲಿ ತಾಳ್ಮೆ ಇರುವವಳದ್ದೇ ಆಟ. ಆ ಸೆಕೆ ಅಭ್ಯಾಸವಾಗಲಿ ಅಂತ ಇಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ ಫ್ಯಾನ್ ಆರಿಸಿ, ಬಾಗಿಲು ಹಾಕಿ ಆಡಿಸಿದೆ. ಬೈಸಿಕೊಂಡೆ.

ಸರ್ವ್ ಬಗ್ಗೆ ಒಂದು ವಿಷಯ ಇದೆ. ಗೇಮ್ ಕೊನೆಗೆ ಬಂದು 8-8 ಆದಾಗ ಅವಳು ಮಾಡುವ ಸರ್ವ್. ಅದನ್ನು ಇಲ್ಲಿ ಬರೆಯಲ್ಲ, ಮುಂದಿನ ವರ್ಷವೂ ನಾವು ಆಡಬೇಕಲ್ವಾ?

ನಡುವೆ ಇನ್ನೊಂದು ಪ್ರಯೋಗ. ಡಿಸೆಂಬರ್ ಬೆಳಗ್ಗೆ ನಮ್ಮಲ್ಲಿ ಚೆಂಡು ಸತ್ತಂತೆ ಬೀಳುತ್ತೆ. ಅದನ್ನೇ ಬೇಕೆಂದಾಗ ತರಿಸೋಣ ಅಂತ ಚೆಂಡನ್ನು ಫ್ರಿಜ್‌ನಲ್ಲಿಟ್ಟು ತಂದೆ. ಕೆಳಗೆ ಬಗ್ಗಿ ಎತ್ತುವ ಅಭ್ಯಾಸ ಚೆನ್ನಾಗಿ ಆಯ್ತು. ಆದರೆ ಹತ್ತು ನಿಮಿಷ ರ‍್ಯಾಲಿ ಆಡುವಷ್ಟರಲ್ಲಿ ಚೆಂಡು ಮತ್ತೆ ಬಿಸಿ. ಮನೆಯವಳು ಮೊಸರಿನ ಪಕ್ಕ ಆ ಕರಿ ಚೆಂಡು ನೋಡಿದ ದಿನ ಪ್ರಯೋಗ ಮುಗಿಯಿತು.

ಮೊದಲ ಸೀಸನ್ ಪೂರಾ ಕೈ ಕೊಟ್ಟಿತು. ಮೂರನೆಯವಳು ಗೆದ್ದು ಬಂದಳು, ಮೊದಲನೆಯವಳು ಮುನಿಸಿಕೊಂಡು ಸೋತಳು, ಟೈ 1-2. ಅವಳ ಅಪ್ಪ ಎಲ್ಲರ ಮುಂದೆ ಕೇಳಿದರು: "ಫೀಸು ನಾವ್ ಕೊಡೋದು, ಕೋರ್ಟು ಆ ಹುಡುಗೀಗಾ ಸರ್?" ಉತ್ತರ ಕೊಡಲು ದುಡ್ಡೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ಕೊನೆಗೆ ಹದಿನೈದು ಹದಿನಾರರ ಹುಡುಗರನ್ನು ಹಿಡಿದೆ. ಅವರಿಗೆ ಫೀಸಿಲ್ಲ, ಮಸಾಲೆ ದೋಸೆ. ನಂಬರ್ ಒನ್ ಅವರ ಜೊತೆ ದಿನಾ ಅರ್ಧ ಗಂಟೆ ಪೂರ್ತಿ ವೇಗದ ಆಟ ಆಡಿದಳು. ನಾನು ಕಲಿಸಿದ್ದಕ್ಕಿಂತ ಅದರಿಂದ ಜಾಸ್ತಿ ಸುಧಾರಿಸಿದಳು. ದೋಸೆ ಬಿಲ್ಲು ತಿಂಗಳಿಗೆ ಎರಡು ಸಾವಿರ ದಾಟಲಿಲ್ಲ ಅಂತ ನೆನಪು.

ಚೆನ್ನೈನಲ್ಲಿ ಫೈನಲ್ಲೂ ಸೇರಿ ಹೆಚ್ಚಿನ ಟೈಗಳಲ್ಲಿ ಮೂರನೆಯವಳ ಮ್ಯಾಚೇ ಮೊದಲು ಬಂತು. ಅವಳು ಒಂದೂ ಸೋಲಲಿಲ್ಲ. ಫೈನಲ್‌ನಲ್ಲಿ ಮುಕ್ಕಾಲು ಗಂಟೆ ಓಡಿಸಿದಳು, ಆ ಕಡೆ ಹುಡುಗಿ ನಾಲ್ಕನೇ ಗೇಮಿಗೆ ಬರೀ ನಿಂತಿದ್ದಳು. 1-0 ಆದ ಮೇಲೆ ನಮ್ಮ ನಂಬರ್ ಒನ್ ಮುಖ ನೋಡಬೇಕಿತ್ತು ನೀವು, ಅಷ್ಟು ಹಗುರ. ಮೂರೇ ಗೇಮಲ್ಲಿ ಮುಗಿಸಿದಳು.

ಈಗ ತಲೆನೋವು ನಂಬರ್ ಟೂ. ಅವಳ ಸರದಿ ಬರುವ ಮೊದಲೇ ಟೈ ಮುಗಿಯುತ್ತೆ, ಬಿಗಿ ಮ್ಯಾಚೇ ಸಿಗ್ತಿಲ್ಲ. ಅವಳಿಗೂ ಹುಡುಗರನ್ನು ಗೊತ್ತು ಮಾಡಿದ್ದೇನೆ. ದೋಸೆ ರೇಟು ಮಾತ್ರ ಏರಿದೆ.